ಒಂಬತ್ತು ಸೆಂಟಿನ ಸುದ್ದಿ

ಜಾರ್ಲತ್ ಹೆನಿಹನ್ ಅವರಿಗೆ ಊನಾ ಟಾರ್ಪಿ ತೀರಿಕೊಂಡ ಸುದ್ದಿ ಮುಟ್ಟದ ಹಾಗೆ ಮಾಡಿದವಳು ನಾನೇ. ಬೇಕಂತ ಮಾಡಿದ್ದಲ್ಲ. ಆದರೆ ಶವಪೆಟ್ಟಿಗೆ ಮಾರುವ ಅಂಗಡಿಯಲ್ಲಿ ಮೂವತ್ತನಾಲ್ಕು ವರ್ಷ ಕೂತವಳು ನಾನು. ಬೇಕಂತ ಮಾಡಿದ್ದಲ್ಲ ಅನ್ನುವ ಮಾತನ್ನು ಕಂಡಕಂಡವರ ಬಾಯಲ್ಲಿ ಕೇಳಿ, ನನ್ನ ಬಾಯಲ್ಲಿ ಬಂದಾಗ ನನಗೇ ನಂಬಿಕೆ ಬರುವುದಿಲ್ಲ.

ಅಂಗಡಿ ಮ್ಯಾಲಕಿಯದು. ಮುಂದಿನ ಭಾಗದಲ್ಲಿ ಮೊಳೆ, ಬಣ್ಣ, ಸಲಿಕೆ, ಕುರಿಗೆ ಕುಡಿಸುವ ಔಷಧಿ. ಹಿಂದಿನ ಭಾಗದಲ್ಲಿ ಪೆಟ್ಟಿಗೆಗಳು. ಮೇಯೋ ಜಿಲ್ಲೆಯ ನಮ್ಮಂಥ ಸಣ್ಣ ಊರಿನಲ್ಲಿ ಒಂದೇ ಕಸುಬಿನಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಅವನ ಅಪ್ಪನ ಕಾಲದಲ್ಲಿ ಕೆಲಸಕ್ಕೆ ಸೇರಿದ ನಾನು ಮ್ಯಾಲಕಿಯ ಮೂಗು ಒರೆಸಿದವಳು. ಹಾಗಾಗಿ ಈಗ ಅವನು ಯಜಮಾನನಾದರೂ ನನ್ನೆದುರು ಪೂರ್ತಿ ಯಜಮಾನನಾಗುವುದು ಅವನಿಂದ ಆಗಿಲ್ಲ.

ನಮ್ಮಲ್ಲಿ ಮದುವೆಗೆ ಹೋಗದಿದ್ದರೆ ಜನ ಮರೆತುಬಿಡುತ್ತಾರೆ. ಮಣ್ಣಿಗೆ ಹೋಗದಿದ್ದರೆ ಮೊಮ್ಮಕ್ಕಳ ಕಾಲದವರೆಗೂ ನೆನಪಿಟ್ಟುಕೊಳ್ಳುತ್ತಾರೆ. ಅದಕ್ಕೇ ಸ್ಥಳೀಯ ರೇಡಿಯೋದಲ್ಲಿ ದಿನಕ್ಕೆರಡು ಸಲ ಸತ್ತವರ ಹೆಸರು ಓದುತ್ತಾರೆ. ರೇಡಿಯೋ ಕೇಳದವರ ಮನೆಗೆ ಯಾರಾದರೂ ಹೋಗಿ ಹೇಳಿಬರುತ್ತಿದ್ದರು. ಹೇಳಿಬರುತ್ತಿದ್ದರು ಅಂತ ಯಾಕೆ ಅಂದೆ ಅನ್ನುವುದಕ್ಕೆ ಮುಂದೆ ಬರುತ್ತೇನೆ.

ಜಾರ್ಲತ್‌ಗೆ ರೇಡಿಯೋ ಕೇಳಿಸುವುದಿಲ್ಲ. ಮೂವತ್ತರ ಹರೆಯದಲ್ಲಿ ಕಲ್ಲುಗಣಿಯ ಸಿಡಿಮದ್ದು ಹೊತ್ತಿಗೆ ಮುಂಚೆ ಸಿಡಿದು ಎರಡೂ ಕಿವಿ ಹೋದವು. ಈಗ ಎಪ್ಪತ್ತೇಳು ವರ್ಷ. ಊರಿನಿಂದ ಹನ್ನೊಂದು ಮೈಲಿ ಆಚೆ, ಜೌಗುನೆಲದ ರಸ್ತೆ ಮುಗಿಯುವಲ್ಲಿ ಒಬ್ಬರೇ ಇದ್ದಾರೆ. ಪಿಂಚಣಿಗೆ ಶುಕ್ರವಾರ ಊರಿಗೆ ಇಳಿಯುತ್ತಾರೆ, ಉಳಿದ ದಿನ ಇಲ್ಲ. ಕಿವಿ ಹೋದಾಗ ಊರವರೆಲ್ಲ ಅವರ ಮುಖದ ಹತ್ತಿರ ಬಾಯಿಟ್ಟು ಕೂಗುತ್ತಿದ್ದರಂತೆ. ಕೂಗದೆ ಕಾಗದದ ಮೇಲೆ ಬರೆದು ತೋರಿಸಿದವರು ಊನಾ ಒಬ್ಬರೇ. ಊನಾ ಆಗ ನಮ್ಮ ಅಂಚೆ ಕಚೇರಿ ನೋಡಿಕೊಳ್ಳುತ್ತಿದ್ದರು. ಅವರಿಬ್ಬರ ನಡುವೆ ಏನಿತ್ತು ಅಂತ ಊರು ಬಹಳ ವರ್ಷ ತಲೆ ಕೆಡಿಸಿಕೊಂಡಿತು, ಕೊನೆಗೆ ಊರಿಗೇ ಸುಸ್ತಾಗಿ ಬಿಟ್ಟಿತು. ಊನಾ ವೃದ್ಧಾಶ್ರಮಕ್ಕೆ ಸೇರಿದ ಮೇಲೂ ಜಾರ್ಲತ್ ಪ್ರತಿ ಶುಕ್ರವಾರ ಆರು ಬಾತುಕೋಳಿ ಮೊಟ್ಟೆ ಹಿಡಿದು ಹೋಗುವುದು ತಪ್ಪಲಿಲ್ಲ.

ನಮ್ಮ ಕಡೆ ಗುಂಡಿ ತೋಡುವುದು ಕೂಲಿಯವರ ಕೆಲಸವಲ್ಲ, ನೆರೆಹೊರೆಯವರದು. ಮೊದಲ ಹುಲ್ಲಿನ ಹೆಂಟೆ ಎತ್ತುವವರು ಸತ್ತವರಿಗೆ ಹತ್ತಿರದವರು. "ನನ್ನದನ್ನ ನೀನೇ ತೆಗೀಬೇಕು, ಯಂತ್ರದ ಕೈಗೆ ಕೊಡಬೇಡ" ಅಂತ ಊನಾ ಒಂದು ಅಂಚೆ ಫಾರಂ ಹಿಂದೆ ಬರೆದುಕೊಟ್ಟಿದ್ದರು. ಜಾರ್ಲತ್ ಆ ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಎರಡು ವರ್ಷದ ಹಿಂದೆ ಡಬ್ಲಿನ್ನಿನಿಂದ ಒಬ್ಬ ಮಾರಾಟದವನು ಫೋನು ಮಾಡಿದ. ಸಾವಿನ ಸುದ್ದಿಯನ್ನು ಎಲ್ಲರ ಮೊಬೈಲಿಗೂ ಒಂದೇ ಗುಂಡಿ ಒತ್ತಿ ಕಳಿಸಬಹುದು, ಒಂದಕ್ಕೆ ಎರಡು ಮೂರು ಸೆಂಟು ಅಷ್ಟೇ ಅಂದ. ಮ್ಯಾಲಕಿಗೆ ಅದು ಹಿಡಿಸಿತು. ನಾನೂರ ಆರು ಜನ ನಂಬರು ಕೊಟ್ಟರು. ಜಾರ್ಲತ್ ಅದಕ್ಕಾಗಿಯೇ ಒಂದು ಮೊಬೈಲು ಕೊಂಡರು. ಕಿವಿ ಇಲ್ಲದವರಿಗೆ ಇದು ವರ ಅಂತ ನಾನೇ ಅವರಿಗೆ ಬರೆದು ತೋರಿಸಿದೆ.

ಮೊದಲ ತಿಂಗಳು ಬಿಲ್ಲು ಬಂದಾಗ ಅದು ಒಂದಲ್ಲ, ಮೂರು. ಊರಲ್ಲಿ ಒಬ್ಬರೂ ಸಾಯದಿದ್ದರೂ ಕಟ್ಟಬೇಕಾದ ತಿಂಗಳ ಬಾಡಿಗೆ ಒಂದು. ಮೆಸೇಜು ಹೊತ್ತು ಹೋಗುವ ದೊಡ್ಡ ಕಂಪನಿಗೆ ಒಂದು. ಆ ಕಂಪನಿಗೂ ನಮಗೂ ನಡುವೆ ಕೂತವನಿಗೆ ಪ್ರತಿ ಮೆಸೇಜಿನ ಮೇಲೆ ಇನ್ನೊಂದು ಚೂರು. ಮೂಗಿಗಿಂತ ಮೂಗುತಿ ಭಾರ. ಮಾರಾಟದವನಿಗೆ ಫೋನು ಹಚ್ಚಿದೆ. ಹುಟ್ಟಿದಂದಿನಿಂದ ಪರಿಚಯ ಇದ್ದವನ ಹಾಗೆ ಮಾತಾಡಿದ.

"ಡಿಂಪ್ನಾ, ಒಂದು ಮೆಸೇಜಿಗೆ ಎಷ್ಟು ಅಂತ ಕೇಳೋದಲ್ಲ. ಎಂಥಾ ಮೆಸೇಜು ಅಂತ ಕೇಳ್ಬೇಕು. ಮಾಹಿತಿ ಆದ್ರೆ ಮೂರು ಸೆಂಟು. ಜಾಹೀರಾತು ಆದ್ರೆ ಒಂಬತ್ತು."

"ಸಾವಿಗೆ ಯಾರಪ್ಪ ಜಾಹೀರಾತು ಕೊಡ್ತಾರೆ?"

"ಅದಕ್ಕೇ ನಿಮ್ದು ಮೂರು. ಇನ್ನೊಂದು ವಿಷಯ, ಯಾರಾದ್ರೂ ನಿಮಗೆ ತಿರುಗಿ ಬರೆದ್ರೆ ಒಂದು ದಿನದ ಮಟ್ಟಿಗೆ ಬಾಗಿಲು ತೆರೆದಿರುತ್ತೆ. ಅಷ್ಟರೊಳಗೆ ನೀವು ಎಷ್ಟು ಉತ್ತರ ಬರೆದ್ರೂ ಬಿಟ್ಟಿ. ದಿನ ದಾಟಿದ್ರೆ ಮತ್ತೆ ದುಡ್ಡು."

ಆ ತೆರೆದ ಬಾಗಿಲಿನಿಂದ ನನ್ನ ಜೀವ ಹೋಯಿತು. ನಮ್ಮ ಜನ ಫೋನು ಇಡುವಾಗ ಎಂಟು ಸಲ ಬೈ ಬೈ ಹೇಳುವವರು. ಕೊನೆಯ ಮಾತು ತಮ್ಮದಾಗದಿದ್ದರೆ ಮರ್ಯಾದೆ ಹೋಗುತ್ತದೆ ಅಂದುಕೊಂಡವರು. ಸುದ್ದಿ ಕಳಿಸಿದ ಹತ್ತು ನಿಮಿಷಕ್ಕೆ ಇನ್ನೂರು ಉತ್ತರ. 'ದೇವರು ಅವರಿಗೆ ಶಾಂತಿ ಕೊಡಲಿ.' ನಾನು ವಂದನೆ ಅಂತ ಬರೆದರೆ 'ಅಯ್ಯೋ ಅದಕ್ಕೇನು' ಅಂತ ಬರುತ್ತಿತ್ತು. ಸುಮ್ಮನಿದ್ದರೆ ಮಾರನೇ ದಿನ ಅಂಗಡಿಗೆ ಬಂದು, ನನ್ನದು ತಲುಪಿತಾ ಅಂತ ಕೇಳುತ್ತಿದ್ದರು. ದಿನ ದಾಟುವುದರೊಳಗೆ ಇನ್ನೂರು ಜನರಿಗೆ ಬಿಟ್ಟಿ ವಂದನೆ ಕುಟ್ಟಿ ಕುಟ್ಟಿ ನನ್ನ ಹೆಬ್ಬೆರಳು ಊದಿಕೊಂಡಿತು. ಅದು ಯಾವ ಬಿಲ್ಲಿನಲ್ಲೂ ಇರಲಿಲ್ಲ.

ಕಳೆದ ನವೆಂಬರಿನಲ್ಲಿ ಮ್ಯಾಲಕಿಗೆ ಬುದ್ಧಿ ಓಡಿತು. ನವೆಂಬರ್ ನಮಗೆ ಸತ್ತವರ ತಿಂಗಳು, ಎಲ್ಲರೂ ಸಮಾಧಿಗೆ ಹೋಗಿ ಬರುತ್ತಾರೆ.

"ಡಿಂಪ್ನಾ, ಹೇಗೂ ತಿಂಗಳ ಬಾಡಿಗೆ ಕಟ್ತಾ ಇದೀವಿ. ಸಮಾಧಿ ಕಲ್ಲು ತೊಳೆದುಕೊಡ್ತೀವಿ, ನೂರಕ್ಕೆ ಹತ್ತು ರಿಯಾಯಿತಿ ಅಂತ ಒಂದು ಬಿಡೋಣ."

"ನಿಮ್ಮಪ್ಪನ ಕಲ್ಲಿನ ಮೇಲೆ ಪಾಚಿ ಇದೆ, ಮೊದಲು ಅದನ್ನ ತೊಳಿ" ಅಂದೆ. ಅಂದೆ ನಿಜ, ಆದರೆ ಗುಂಡಿ ಒತ್ತಿದ್ದೂ ನಾನೇ.

ಹನ್ನೆರಡು ಜನ ಕಲ್ಲು ತೊಳೆಸಿದರು. ಮೂವತ್ತೊಂದು ಜನಕ್ಕೆ ಸಿಟ್ಟು ಬಂತು. ಮೆಸೇಜಿನ ಕೆಳಗೆ 'ಇಂಥವು ಬೇಡ' ಅನ್ನುವ ಗುಂಡಿ ಇತ್ತು, ಒತ್ತಿಬಿಟ್ಟರು. ಆ ಮೂವತ್ತೊಂದರಲ್ಲಿ ಜಾರ್ಲತ್ ಒಬ್ಬರು. ಅಮ್ಮನ ಕಲ್ಲನ್ನು ಅವರು ವರ್ಷಕ್ಕೊಮ್ಮೆ ಬ್ರಷ್ಷು ಹಿಡಿದು ತಾವೇ ಉಜ್ಜುತ್ತಾರೆ. ನಿಮ್ಮಮ್ಮನ ಕಲ್ಲು ಕೊಳೆಯಾಗಿದೆ ಅಂತ ಅಂಗಡಿಯಿಂದ ಮೆಸೇಜು ಬಂದರೆ ಯಾರಿಗೆ ತಾನೇ ಉರಿಯುವುದಿಲ್ಲ?

ಜನವರಿಯಲ್ಲಿ ಒಂದು ಇ-ಮೇಲ್ ಬಂತು. ನಮ್ಮ ಸಾವಿನ ಸುದ್ದಿಯ ನಮೂನೆಯನ್ನು ಇನ್ನು ಮುಂದೆ ಜಾಹೀರಾತಿಗೆ ಸೇರಿಸಲಾಗಿದೆಯಂತೆ. ಕಾರಣ ಕೊನೆಯ ಸಾಲು: 'ಬಳಿಕ ಹೋಟೆಲಿನಲ್ಲಿ ಸೂಪು, ಸ್ಯಾಂಡ್‌ವಿಚ್ ಇದೆ, ಎಲ್ಲರೂ ಬನ್ನಿ.' ತಿನ್ನಲು ಕರೆದದ್ದು ವ್ಯಾಪಾರಕ್ಕೆ ಕರೆದ ಹಾಗೆ ಅಂತ ಯಾವುದೋ ದೇಶದಲ್ಲಿ ಕೂತ ಯಾವುದೋ ಯಂತ್ರ ತೀರ್ಮಾನಿಸಿತ್ತು.

"ಸ್ಯಾಂಡ್‌ವಿಚ್ ತೆಗೆದುಹಾಕು" ಅಂದ ಮ್ಯಾಲಕಿ.

ಆ ವಾರ ಅಪ್ಪನನ್ನು ಕಳೆದುಕೊಂಡ ಮನೆಯವರಿಗೆ ಮೆಲ್ಲಗೆ ಕೇಳಿ ನೋಡಿದೆ. ದೊಡ್ಡ ಮಗಳು ಕೆಂಗಣ್ಣು ಬಿಟ್ಟಳು. "ನಮ್ಮಪ್ಪನ ಮಣ್ಣಿಗೆ ಬಂದೋರನ್ನ ಬರಿ ಹೊಟ್ಟೇಲಿ ಕಳ್ಸಿದ್ರು ಅಂತ ಊರೆಲ್ಲ ಆಡ್ಕೋಬೇಕಾ ಡಿಂಪ್ನಾ?" ಅಂದಳು. ಸ್ಯಾಂಡ್‌ವಿಚ್ ಉಳಿಯಿತು. ಮೂರು ಸೆಂಟು ಒಂಬತ್ತಾಯಿತು. ಇ-ಮೇಲಿನಲ್ಲಿ ಕೆಳಗೆ ಇನ್ನೂ ಒಂದು ಪುಟ ಇತ್ತು. ಬೆಲೆ ನೋಡಿ ತಲೆ ಚಿಟ್ಟು ಹಿಡಿದಿದ್ದ ನಾನು ಅದನ್ನು ಓದಲಿಲ್ಲ.

ಆಮೇಲೆ ಪ್ರತಿ ಸಾವಿಗೂ ವರದಿ ಬರುತ್ತಿತ್ತು: ತಲುಪಿದ್ದು ಮುನ್ನೂರ ಎಪ್ಪತ್ತೈದು, ತಲುಪದ್ದು ಮೂವತ್ತೊಂದು. ತಲುಪದ್ದಕ್ಕೆ ದುಡ್ಡಿಲ್ಲ. ಮೂವತ್ತೊಂದು ಒಂಬತ್ತಲ, ಎರಡು ಯೂರೋ ಎಪ್ಪತ್ತೊಂಬತ್ತು ಸೆಂಟು ಉಳಿಯಿತು ಅಂತ ನಾನೇ ಮ್ಯಾಲಕಿಗೆ ಹೇಳಿದೆ. ಹಳೇ ನಂಬರುಗಳಿರಬೇಕು ಅಂದ. ಇರಬೇಕು ಅಂದೆ. ಯಾರ ಹೆಸರಿದೆ ಅಂತ ಪಟ್ಟಿ ತೆಗೆದು ನೋಡಲು ಎರಡು ನಿಮಿಷ ಸಾಕಿತ್ತು. ನೋಡಲಿಲ್ಲ. ಸುಸ್ತಾಗಿತ್ತು ಅನ್ನುವುದು ಬಿಟ್ಟರೆ ನನ್ನ ಹತ್ತಿರ ಬೇರೆ ಕಾರಣವಿಲ್ಲ.

ಫೆಬ್ರವರಿಯ ಒಂದು ಸೋಮವಾರ ಊನಾ ನಿದ್ದೆಯಲ್ಲೇ ಹೋದರು. ಎಂಬತ್ತನಾಲ್ಕು ವರ್ಷ. ಹತ್ತಿರದವರು ಅಂತ ಲೀಡ್ಸ್‌ನಲ್ಲಿ ಒಬ್ಬ ಅಕ್ಕನ ಮಗ. ಅವನು ಬಂದ, ಒಳ್ಳೆಯವನೇ, ಆದರೆ ಅವನಿಗೆ ಯಾರ ಪರಿಚಯವೂ ಇಲ್ಲ. ಮಂಗಳವಾರ ಬೆಳಿಗ್ಗೆ ಗುಂಡಿ ತೋಡಲು ನಾಲ್ಕು ಜನ ಸೇರಿದರು. ಮೊದಲ ಹೆಂಟೆ ಎತ್ತಬೇಕಾದ ಜಾರ್ಲತ್ ಬರಲಿ ಅಂತ ಎರಡು ಗಂಟೆ ಕಾದರು.

"ಮೆಸೇಜು ಹೋಗಿದೆ ತಾನೇ?" ಅಂತ ಒಬ್ಬ ಸ್ಮಶಾನದಿಂದಲೇ ನನಗೆ ಫೋನು ಮಾಡಿದ.

"ಎಲ್ಲರಿಗೂ ಹೋಗಿದೆ" ಅಂದೆ.

"ಹಾಗಾದ್ರೆ ಬೆನ್ನು ಹಿಡ್ಕೊಂಡಿರ್ಬೇಕು. ಇಲ್ಲಾ ಮುದುಕರಿಬ್ಬರೂ ಜಗಳ ಆಡಿದ್ರೋ ಏನೋ."

ಮೊದಲಾದರೆ ಆ ನಾಲ್ವರಲ್ಲಿ ಒಬ್ಬ ಕಾರು ತೆಗೆದುಕೊಂಡು ಜೌಗುನೆಲದ ರಸ್ತೆ ಹತ್ತುತ್ತಿದ್ದ. ಈಗ ಯಾರೂ ಹತ್ತಲಿಲ್ಲ, ಮೆಸೇಜು ಹೋಗಿತ್ತಲ್ಲ. ಮೊದಲ ಹೆಂಟೆ ಎತ್ತಲು ಬೇರೆ ಯಾರಿಗೂ ಕೈ ಬರದೆ, ಕಡೆಗೆ ಯಂತ್ರ ತರಿಸಿದರು. ಬುಧವಾರ ಮಣ್ಣು ಮಾಡಿದೆವು. ಜಾರ್ಲತ್ ಪೂಜೆಗೂ ಬರಲಿಲ್ಲ, ಸ್ಮಶಾನಕ್ಕೂ ಬರಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನೂ ನೋಡಿಕೊಂಡೆ, ಆಮೇಲೆ ಹೋಟೆಲಿಗೆ ಹೋಗಿ ಸೂಪು ಕುಡಿದೆ.

ಶುಕ್ರವಾರ ಹನ್ನೊಂದು ಗಂಟೆಗೆ ಜಾರ್ಲತ್ ಅಂಗಡಿಗೆ ಬಂದರು. ತಲೆ ಬಾಚಿಕೊಂಡಿದ್ದರು, ಕೈಯಲ್ಲಿ ಮೊಟ್ಟೆಯ ಡಬ್ಬಿ. ಡಬ್ಬಿಯನ್ನು ಜೋಪಾನವಾಗಿ ಕೌಂಟರಿನ ಮೇಲಿಟ್ಟು ಮೊಬೈಲು ತೆಗೆದು ನನ್ನ ಕಡೆ ತಳ್ಳಿದರು.

"ಏನಮ್ಮ ಡಿಂಪ್ನಾ, ಕ್ರಿಸ್ಮಸ್ ಆದ್ಮೇಲೆ ಈ ಊರಲ್ಲಿ ಒಬ್ರೂ ಸತ್ತಿಲ್ಲ. ಇದು ಕೆಟ್ಟಿರ್ಬೇಕು, ಇಲ್ಲಾ ಮ್ಯಾಲಕಿ ಅಂಗಡಿ ಮುಚ್ಚಬೇಕು. ಸ್ವಲ್ಪ ನೋಡು. ಊನಾ ಹತ್ರ ಹೋಗಿ ಬರೋಷ್ಟರಲ್ಲಿ ಸರಿಮಾಡಿಡು."

ಮೂವತ್ತನಾಲ್ಕು ವರ್ಷದಲ್ಲಿ ನಾನು ಎಂಥೆಂಥ ಮನೆಗಳ ಬಾಗಿಲಲ್ಲಿ ನಿಂತಿಲ್ಲ. ಆದರೆ ಆವತ್ತು ಕೌಂಟರಿನ ಈಚೆ ನಿಂತು ಪೆನ್ನು ಹುಡುಕಿದೆ. ಅವರ ಹತ್ತಿರ ಬಾಯಲ್ಲಿ ಹೇಳಿ ಮುಗಿಸುವ ಹಾಗೂ ಇಲ್ಲ. ಬರೆಯಲೇಬೇಕು. ರಸೀದಿ ಪುಸ್ತಕ ತಿರುಗಿಸಿ ಹಿಂದೆ ಬರೆದೆ: 'ಊನಾ ತೀರಿಕೊಂಡರು. ಸೋಮವಾರ. ಬುಧವಾರ ಮಣ್ಣು ಮಾಡಿದೆವು.' ಬರೆಯುವಾಗ ಊನಾ ಒಮ್ಮೆ ಹೇಳಿದ್ದು ನೆನಪಾಯಿತು. ತಂತಿಗೆ ಪದಕ್ಕಿಷ್ಟು ಅಂತ ದುಡ್ಡು ಇದ್ದ ಕಾಲದಲ್ಲಿ ಜನ ಎಲ್ಲ ಮಾತನ್ನೂ ಕತ್ತರಿಸುತ್ತಿದ್ದರಂತೆ, ಸತ್ತವರ ಹೆಸರೊಂದನ್ನು ಬಿಟ್ಟು. ಹಾಗೆ ಬಂದ ತಂತಿಯನ್ನು ಊನಾ ತಾವೇ ಸೈಕಲ್ಲು ತುಳಿದು ಮುಟ್ಟಿಸುತ್ತಿದ್ದರು.

ಜಾರ್ಲತ್ ಎರಡು ಸಲ ಓದಿದರು. ಟೋಪಿ ತೆಗೆದರು. ಆಮೇಲೆ ಕೇಳಿದರು.

"ಗುಂಡಿ ಯಾರು ತೆಗೆದ್ರು?"

'ಯಂತ್ರ' ಅಂತ ಬರೆದೆ. ಇಷ್ಟು ಚಿಕ್ಕ ಪದ ಬರೆಯಲು ಇಷ್ಟು ಕಷ್ಟಪಟ್ಟದ್ದು ನನಗೆ ನೆನಪಿಲ್ಲ.

"ನನಗ್ಯಾಕೆ ಹೇಳ್ಲಿಲ್ಲ?"

ಬರೆದೆ. ಕಲ್ಲು ತೊಳೆಯುವ ಮೆಸೇಜು, ಅವರು ಒತ್ತಿದ ಗುಂಡಿ, ಸ್ಯಾಂಡ್‌ವಿಚ್, ಜಾಹೀರಾತು. ಜಾಹೀರಾತು ಬೇಡ ಅಂದವರಿಗೆ ಸಾವಿನ ಸುದ್ದಿಯೂ ಹೋಗುವುದಿಲ್ಲ. ಬರೆಯುತ್ತ ಬರೆಯುತ್ತಲೇ ನನಗೂ ಅದು ಪೂರ್ತಿ ಅರ್ಥವಾಯಿತು, ಮೊದಲ ಸಲ. ಮೂರು ಪುಟ ತುಂಬಿತು. ಅವರು ಬೆರಳಿಟ್ಟು ಸಾಲು ಸಾಲಾಗಿ ಓದಿದರು.

"ನಾನು ಬೇಡ ಅಂದದ್ದು ಕಲ್ಲು ತೊಳೆಯೋದನ್ನ" ಅಂದರು. "ಊನಾನ ಬೇಡ ಅಂದಿರ್ಲಿಲ್ಲ."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನ ಮಾನ ಒಂಬತ್ತು ಸೆಂಟಿಗೆ ಹೋಯಿತು. ಮ್ಯಾಲಕಿ ಹಿಂದಿನ ಬಾಗಿಲಲ್ಲಿ ಬಂದು ನಿಂತಿದ್ದ. ಜಾರ್ಲತ್ ಅಂದದ್ದನ್ನು ಕೇಳಿಸಿಕೊಂಡು ಮೆಲ್ಲಗೆ ಪೆಟ್ಟಿಗೆಗಳ ಕಡೆ ಜಾರಿಕೊಂಡ. ಜಾರ್ಲತ್ ಗೋಡೆಗೆ ನೇತುಹಾಕಿದ್ದ ಸಲಿಕೆಗಳಲ್ಲಿ ಒಂದನ್ನು ಇಳಿಸಿಕೊಂಡು, ಅಲಗನ್ನು ಹೆಬ್ಬೆರಳಲ್ಲಿ ಮುಟ್ಟಿ ನೋಡಿ, ಹೊರಗೆ ನಡೆದರು. ನಾನು ಅಂಗಡಿಯನ್ನು ಹಾಗೇ ಬಿಟ್ಟು ಹಿಂದೆ ಹೋದೆ.

ಯಂತ್ರ ಮುಚ್ಚಿದ ಗುಂಡಿ ನೋಡಲು ಚೆನ್ನಾಗಿರುವುದಿಲ್ಲ. ಹೆಂಟೆಗಳು ಅಡ್ಡಾದಿಡ್ಡಿ ಬಿದ್ದಿದ್ದವು, ಒಂದು ಮೂಲೆ ಕುಸಿದಿತ್ತು. ಜಾರ್ಲತ್ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು. ಹೆಂಟೆಗಳನ್ನೆಲ್ಲ ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟು, ಮಣ್ಣು ಸಮಮಾಡಿ, ಅಂಚು ನೇರ ಕತ್ತರಿಸಿ, ಮತ್ತೆ ಒಂದೊಂದಾಗಿ ಕೂರಿಸಿದರು. ನಡುನಡುವೆ ಸಲಿಕೆಗೆ ಒರಗಿ ಉಸಿರು ಎಳೆದುಕೊಳ್ಳುತ್ತಿದ್ದರು. ಸಹಾಯಕ್ಕೆ ಬಗ್ಗಿದರೆ ಬೇಡ ಅಂತ ಕೈ ಆಡಿಸಿದರು. ಒಂದೂವರೆ ಗಂಟೆ ಹಿಡಿಯಿತು.

ಮುಗಿದ ಮೇಲೆ ಪರ್ಸಿನಿಂದ ಆ ಚೀಟಿ ತೆಗೆದರು. ಮಣ್ಣಿಗೆ ಹಾಕುತ್ತಾರೆ ಅಂದುಕೊಂಡೆ. ಹಾಕಲಿಲ್ಲ.

"ಇಷ್ಟಕ್ಕೆ ಇದು ತೀರ್ಲಿಲ್ಲ" ಅಂದು ಮತ್ತೆ ಪರ್ಸಿಗೇ ಸೇರಿಸಿದರು.

ನಾನು ಅವರ ಎರಡೂ ಕೈ ಹಿಡಿದುಕೊಂಡು, ತುಟಿ ಕಾಣುವ ಹಾಗೆ ನಿಂತು, "ನಿಮ್ಮ ದುಃಖಕ್ಕೆ ನನಗೆ ಸಂಕಟ ಆಗ್ತಿದೆ ಜಾರ್ಲತ್" ಅಂದೆ. ನಮ್ಮಲ್ಲಿ ಇದನ್ನು ಸತ್ತವರ ಮನೆಯವರಿಗೆ ಮಾತ್ರ ಹೇಳುತ್ತಾರೆ. ಬುಧವಾರ ಲೀಡ್ಸಿನ ಹುಡುಗನಿಗೆ ಮುನ್ನೂರು ಜನ ಸಾಲಾಗಿ ಬಂದು ಹೇಳಿದ್ದರು. ಜಾರ್ಲತ್‌ಗೆ ಯಾರೂ ಹೇಳಿರಲಿಲ್ಲ. ಅವರು ಆಗ ಅತ್ತರು, ಸದ್ದು ಮಾಡಿ ಅತ್ತರು. ನಾನೂ ಅತ್ತೆ.

ಕಾರಿನಲ್ಲಿ ಮನೆಗೆ ಬಿಟ್ಟೆ. ಇಳಿಯುವ ಮುಂಚೆ ಅವರ ಮೊಬೈಲು ತೆಗೆದುಕೊಂಡು, ಇಲ್ಲಿ ಒತ್ತಿದರೆ ಮತ್ತೆ ಬರುತ್ತದೆ ಅಂತ ತೋರಿಸಿದೆ.

"ಬೇಡ. ಅದನ್ನ ತೆರೆದ್ರೆ ಕಲ್ಲು ತೊಳೆಯೋರೂ ಒಳಗೆ ಬರ್ತಾರೆ. ಒಂದು ಕಳಿಸೋಕೆ ಎಷ್ಟು ಬೀಳುತ್ತೆ?"

ಒಂಬತ್ತು ಬೆರಳು ತೋರಿಸಿದೆ.

"ಒಂಬತ್ತು ಯೂರೋನಾ?"

ಅಲ್ಲ ಅಂತ ತಲೆ ಆಡಿಸಿ, 'ಸೆಂಟು' ಅಂತ ಬರೆದೆ. ಜಾರ್ಲತ್ ಆ ಪದದ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಆಮೇಲೆ ಜೇಬಿನಿಂದ ಎರಡು ಯೂರೋ ನಾಣ್ಯ ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಇಪ್ಪತ್ತೆರಡು ಸಾವಿಗಾಯ್ತು. ಅಷ್ಟರೊಳಗೆ ನಂದೇ ಬರುತ್ತೆ. ನೀನೇ ಬಂದು ಹೇಳು."

ಮೊಟ್ಟೆಯ ಡಬ್ಬಿ ಅಂಗಡಿಯಲ್ಲೇ ಉಳಿದಿತ್ತು. ಸಂಜೆ ಮ್ಯಾಲಕಿ ಅದರಿಂದ ಎರಡು ಬೇಯಿಸಿಕೊಂಡಿದ್ದ. ಅವನಿಗೆ ನಾನು ಏನಂದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮಾರನೇ ದಿನ ಉಳಿದ ಮೂವತ್ತು ಜನರ ಪಟ್ಟಿ ತೆಗೆದೆ. ಒಬ್ಬೊಬ್ಬರಿಗೂ ಫೋನು ಮಾಡಿ ತಪ್ಪಾಯಿತು ಅಂದೆ. ಇಪ್ಪತ್ತೊಂಬತ್ತು ಜನ ರೇಡಿಯೋದಲ್ಲಿ ಕೇಳಿಸಿಕೊಂಡಿದ್ದರು. ಮೂವತ್ತನೆಯದು ಊನಾ ಅವರ ನಂಬರು.

ಮಾರ್ಚ್ ಮೊದಲ ವಾರ ಗ್ಯಾರೇಜಿನ ಮುದುಕ ಹೋದ. ನಾನೂರು ಚಿಲ್ಲರೆ ಮೆಸೇಜಿಗೆ ಗುಂಡಿ ಒತ್ತಿ, ಅಂಗಡಿಗೆ ಬೀಗ ಹಾಕಿ, ಜೌಗುನೆಲದ ರಸ್ತೆ ಹತ್ತಿದೆ. ಹೆಣದ ಅಂಗಡಿಯ ಕಾರು ಕಂಡರೆ ಯಾರೂ ಒಳಗೆ ಕೂತಿರುವುದಿಲ್ಲ. ಜಾರ್ಲತ್ ಗೇಟಿಗೇ ಬಂದು ನಿಂತಿದ್ದರು. "ಯಾರು?" ಅಂದರು. ಬರೆದು ತೋರಿಸಿದೆ. ಓದಿ ಟೋಪಿ ತೆಗೆದು, "ಒಳ್ಳೆ ಮನುಷ್ಯ, ಕಾರು ಮಾತ್ರ ಒಂದೂ ನೆಟ್ಟಗೆ ರಿಪೇರಿ ಮಾಡ್ಲಿಲ್ಲ" ಅಂದು ಒಳಗೆ ಚಹಾಕ್ಕೆ ಇಟ್ಟರು.

ತಿರುಗಿ ಬಂದಾಗ ಮ್ಯಾಲಕಿ ಬಾಗಿಲಲ್ಲೇ ನಿಂತಿದ್ದ.

"ಹೋಗ್ತಾ ಬರ್ತಾ ಇಪ್ಪತ್ತೆರಡು ಮೈಲಿ. ಪೆಟ್ರೋಲಿಗೆ ಯಾರು ಕೊಡ್ತಾರೆ ಡಿಂಪ್ನಾ?"

"ಜಾರ್ಲತ್ ಮುಂಗಡ ಕೊಟ್ಟಿದ್ದಾರೆ" ಅಂದೆ. "ಇನ್ನೂ ಇಪ್ಪತ್ತೊಂದು ಬಾಕಿ ಇದೆ."